ಬಿಗಿ ಬಟ್ಟೆ ಸಡಿಲ, ಸಡಿಲ ಬಟ್ಟೆ ಬಿಗಿ

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಹತ್ತೊಂಬತ್ತು ವರ್ಷ ಊರವರ ತಪ್ಪುಗಳನ್ನೆಲ್ಲ ತಿದ್ದಿ ತಿದ್ದಿ, ತಪ್ಪು ಮಾಡುವುದೇ ನನಗೆ ಮರೆತುಹೋಗಿದೆ ಎಂದು ನಂಬಿದ್ದೆ. ಅಂಥವನ ಮನೆ ಬಾಗಿಲ ಮೇಲೆಯೇ ವ್ಯಾಕರಣದೋಷವೊಂದು ಜೋತಾಡುವುದೆಂದರೆ? ತಡೆದೇ ತೀರುತ್ತೇನೆಂದು ಟೊಂಕ ಕಟ್ಟಿದೆ!

ನಡೆದದ್ದು ಇಷ್ಟು. ನನ್ನ ಹೆಂಡತಿ ಹದಿನಾಲ್ಕು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬರೀ ಕಾಲರ್ ಹೊಲಿದವಳು. ಇಡೀ ಅಂಗಿಯೊಂದು ತನ್ನ ಕೈಯಿಂದ ಹೊರಬಂದದ್ದನ್ನು ಕಂಡವಳೇ ಅಲ್ಲ. ಕೊನೆಗೆ ಆ ಕೆಲಸ ಬಿಟ್ಟು, ಮನೆಯ ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಬಟ್ಟೆ ಸರಿಪಡಿಸುವ ಅಂಗಡಿ ತೆರೆಯಲು ಹೊರಟಳು. ಬೋರ್ಡಿಗೆಂದು ಅವಳೇ ಒಂದು ಸಾಲು ಬರೆದಿಟ್ಟಿದ್ದಳು: 'ಬಿಗಿ ಬಟ್ಟೆ ಸಡಿಲ, ಸಡಿಲ ಬಟ್ಟೆ ಬಿಗಿ'.

ಜೇಬಿನಲ್ಲಿದ್ದ ನನ್ನ ಕೆಂಪು ಪೆನ್ನು ಕುದಿಯಿತು. ವಿಭಕ್ತಿ ಪ್ರತ್ಯಯವಿಲ್ಲ, ಕ್ರಿಯಾಪದವಂತೂ ದುರ್ಬೀನು ಹಾಕಿ ಹುಡುಕಿದರೂ ಇಲ್ಲ! ಒಂದೇ ಬಟ್ಟೆ ಬಿಗಿಯೂ ಸಡಿಲವೂ ಆಗಿರುವುದು ಹೇಗೆಂದು ಅರ್ಧ ಗಂಟೆ ಪಾಠ ಮಾಡಿದೆ. ಅವಳು ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದಳು.

"ನಿಮಗೆ ಅರ್ಥ ಆಯ್ತಾ?"

"ಅರ್ಥವೇನೋ ಆಯ್ತು. ಆದರೆ..."

"ಹಾಗಾದ್ರೆ ಮುಗೀತು." ಗುಂಡುಸೂಜಿ ಮತ್ತೆ ತುಟಿಗೆ ಹೋಯಿತು.

ನನಗೆ ಮುಗಿದಿರಲಿಲ್ಲ. ಅವಳು ದಾರ, ಗುಂಡಿ ತರಲು ಪೇಟೆಗೆ ಹೋದ ದಿನವೇ ಬೋರ್ಡು ಬರೆಯುವವನು ಬಂದ. ನಾನು ತಿದ್ದಿದ ಪ್ರತಿಯನ್ನು ಅವನ ಕೈಗಿಟ್ಟೆ: 'ಗ್ರಾಹಕರು ತಂದುಕೊಡುವ ಬಟ್ಟೆಗಳ ಪೈಕಿ ಬಿಗಿಯಾದುವನ್ನು ಸಡಿಲಗೊಳಿಸಿಯೂ ಸಡಿಲವಾದುವನ್ನು ಬಿಗಿಗೊಳಿಸಿಯೂ ಕೊಡಲಾಗುವುದು.' ಅವನು ಹಲಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಇಷ್ಟನ್ನೂ ಇದರಲ್ಲಿ ಬರೆದರೆ ಓದಲು ಇರುವೆಗಳೇ ಬರಬೇಕು ಎಂದ. ಕತ್ತರಿ ಆಡಿಸುವುದು ನನಗೇನು ಹೊಸದೇ? ಪ್ರತ್ಯಯ ಉಳಿಸಿದೆ, ಕ್ರಿಯಾಪದ ಉಳಿಸಿದೆ, ಪೂರ್ಣವಿರಾಮಕ್ಕೂ ಜೀವದಾನ ಮಾಡಿದೆ. ಸಂಜೆಯ ಹೊತ್ತಿಗೆ ಬೋರ್ಡು ಬಾಗಿಲ ಮೇಲೇರಿತು:

'ಬಿಗಿಯಾದುದನ್ನು ಸಡಿಲಗೊಳಿಸಲಾಗುವುದು. ಸಡಿಲವಾದುದನ್ನು ಬಿಗಿಗೊಳಿಸಲಾಗುವುದು.'

ಎಂಥ ವಾಕ್ಯಗಳು! ವ್ಯಾಕರಣ ಸರ್ವಾಲಂಕಾರಭೂಷಿತವಾಗಿ ನಿಂತಿತ್ತು. ಮೈಮೇಲೆ ಬಟ್ಟೆಯೊಂದೇ ಇರಲಿಲ್ಲ. 'ಬಟ್ಟೆ' ಎಂಬ ಪದವನ್ನೇ ನಾನು ಹೊಡೆದುಹಾಕಿದ್ದೆ!

ಪೇಟೆಯಿಂದ ಬಂದವಳು ತಲೆಯೆತ್ತಿ ನೋಡಿದಳು. ಜಗಳವಾಡಲಿಲ್ಲ. ಒಂದು ವಾರ ನೋಡೋಣ ಎಂದಷ್ಟೇ ಹೇಳಿ ಒಳಗೆ ಹೋದಳು. ಜಗಳವಾಡಿದ್ದರೇ ವಾಸಿಯಿತ್ತು.

ಮಾರನೆಯ ದಿನ ನನಗೆ ರಜೆ. ಬೆಳಗ್ಗೆಯೇ ಹಿಂದಿನ ಬೀದಿಯ ಹೆಂಗಸು ಮುಚ್ಚಳ ಬಿಚ್ಚದ ಡಬ್ಬಿ ತಂದಿಟ್ಟಳು. ಹಿಂದೆಯೇ ಒಬ್ಬ ಬ್ರೇಕು ಸಡಿಲವಾದ ಸೈಕಲ್ಲನ್ನು ಸೀದಾ ಕೋಣೆಯೊಳಗೇ ತಳ್ಳಿಕೊಂಡು ಬಂದ. ಒಬ್ಬ ತಾಯಿ ಮೂವತ್ತು ದಾಟಿದ ಮಗನನ್ನು ತೋಳು ಹಿಡಿದು ಎಳೆತಂದು, ಇವನು ಸ್ವಲ್ಪ ಸಡಿಲ, ಬಿಗಿ ಮಾಡಿಕೊಡಿ ಎಂದರು. ಮಗ ನಾಚಿಕೊಂಡ. ನಾನು ಕಪಾಟಿನ ಹಿಂದೆ ಸರಿದುಕೊಂಡೆ. ನಿವೃತ್ತ ಅಂಚೆಯವರಂತೂ ಮಾತಿಲ್ಲದೆ ಹಲ್ಲಿನ ಸೆಟ್ಟನ್ನೇ ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟರು!

ಬಟ್ಟೆ ಮಾತ್ರ ಒಂದೂ ಬರಲಿಲ್ಲ.

ನನ್ನವಳು ಅಳುತ್ತಾಳೆಂದುಕೊಂಡೆ. ಅವಳು ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡು ಎದ್ದಳು! ರಬ್ಬರಿನ ತುಂಡಿನಿಂದ ಡಬ್ಬಿಯ ಮುಚ್ಚಳ ತಿರುಗಿಸಿ ಕೊಡುತ್ತಲೇ, ಆ ಹೆಂಗಸಿನ ರವಿಕೆಯ ತೋಳು ಬಿಗಿಯಾಗಿ ಕೈ ಕೆಂಪಾಗಿರುವುದನ್ನು ತೋರಿಸಿದಳು. ಅಂಚೆಯವರಿಗೆ ಹಲ್ಲುಗಳನ್ನು ಸಕಲ ಗೌರವದೊಂದಿಗೆ ಹಿಂದಿರುಗಿಸಿ, ಅವರು ಒಂದು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ ಪ್ಯಾಂಟಿನ ಸೊಂಟ ಅಳೆದಳು. ಮಗನ ಜೋಲಾಡುವ ಅಂಗಿಯನ್ನು ಪಕ್ಕದಲ್ಲಿ ಹಿಡಿದು ಹೊಲಿದದ್ದೇ, ಅವನು ಎದೆಯುಬ್ಬಿಸಿ ನಿಂತ. ತಾಯಿ ಕಣ್ಣೊರೆಸಿಕೊಂಡರು. ಸೈಕಲ್ಲಿನವನು ಕೂಡ ಸಂಜೆಗೆ ಎರಡು ಅಂಗಿ ತಂದ. ವಾರ ಮುಗಿಯುವಷ್ಟರಲ್ಲಿ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಎಂಟನೆಯ ದಿನ ಬೋರ್ಡು ಬರೆಯುವವನು ಮತ್ತೆ ಬಂದು ಅವಳ ಸಾಲನ್ನೇ ಬರೆದ. ಏಣಿ ಹಿಡಿದವನು ನಾನು. ಈಗ ಬೀದಿಯವರೆಲ್ಲ ಅದನ್ನು ಹಾಡಿನಂತೆ ಹೇಳಿಕೊಂಡು ಬರುತ್ತಾರೆ. ಯಂತ್ರಗಳು ಎರಡಾಗಿವೆ.

ಆದರೂ ಹುಟ್ಟುಗುಣ ಬಿಡಬೇಕಲ್ಲ! ಮೊನ್ನೆ ಊಟದ ಹೊತ್ತಿನಲ್ಲಿ, ಕೊನೆಗೆ ಒಂದು 'ಮಾಡಲಾಗುವುದು' ಆದರೂ ಸೇರಿಸಬಹುದಿತ್ತು ಎಂದೆ. ಅವಳು ತಟ್ಟೆಯಿಂದ ತಲೆಯೆತ್ತಿದಳು.

"ಅವತ್ತು ಬಸ್ ನಿಲ್ದಾಣದಲ್ಲಿ ನನ್ನ ಏನಂತ ಕೇಳಿದ್ರಿ, ನೆನಪಿದ್ಯಾ? 'ಮತ್ತೆ... ನಾನು... ನೀವು... ಮದುವೆ?' ಅಂತ. ಎಲ್ರೀ ಇತ್ತು ಕ್ರಿಯಾಪದ?"

ನಾನು ಕಲಸಿದ ಅನ್ನವನ್ನೇ ಮತ್ತೆ ಕಲಸತೊಡಗಿದೆ.

"ಆದ್ರೂ ಅರ್ಥ ಮಾಡ್ಕೊಂಡು ಹೂಂ ಅಂದೆ," ಎಂದು ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು. "ಕರ್ತೃ ನೀವು. ಕರ್ಮ ನಂದು."