ಎರಡು ಕೆಜಿ ಸುಳ್ಳು

ತೂಕದ ಯಂತ್ರದ ಮುಳ್ಳು ಅರವತ್ತಾರನ್ನು ಮುಟ್ಟಿದ್ದೇ ಲಿಫ್ಟಣ್ಣನಿಗೆ ಬೆಳ್ಳಂಬೆಳಿಗ್ಗೆ ಬೆವರು ಕಿತ್ತುಕೊಂಡು ಬಂತು. ಮೂರು ದಿನದ ಹಿಂದೆ ಅರವತ್ತನಾಲ್ಕಿತ್ತು.

ಎಂಟು ಮಹಡಿಯ ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಅವನ ಹೃದಯ ಹೋದ ವರ್ಷವೇ ಸೋತಿತ್ತು. "ಪಂಪು ದುರ್ಬಲವಾಗಿದೆ, ನೀರು ಮೈಯಲ್ಲೇ ನಿಲ್ಲುತ್ತೆ," ಎಂದಿದ್ದರು ಡಾಕ್ಟರು. "ದಿನಕ್ಕೆ ಒಂದೂವರೆ ಲೀಟರ್ ಮೀರಬೇಡಿ. ಉಪ್ಪು ಕಡಿಮೆ ಮಾಡಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ನೆಟ್ಟಗೆ ಇಲ್ಲಿಗೆ ಬನ್ನಿ." ಆಗ ವಾರ್ಡಿನಲ್ಲಿ ಒಂಬತ್ತು ದಿನ ಕಳೆದಿದ್ದ. ಎದುರಿನ ಹಾಸಿಗೆಗೆ ಮೂರು ಸಲ ಹೊಸ ಬೆಡ್‌ಶೀಟು ಬಂದಿತ್ತು. ಮೂರು ಸಲವೂ ಹಳೇ ರೋಗಿ ಮನೆಗೆ ಹೋಗಿರಲಿಲ್ಲ.

"ಕಾಲು ನೋಡಿ, ಬನ್ನಿನ ಹಾಗೆ ಊದಿದೆ. ನಡೀರಿ ಆಸ್ಪತ್ರೆಗೆ," ಎಂದಳು ಹೆಂಡತಿ.

ಅಷ್ಟರಲ್ಲಿ ಪೇಪರ್ ಕೇಳಲು ಪಕ್ಕದ ಮನೆಯ ಇನ್‌ಸ್ಪೆಕ್ಟರು ಬಂದರು. ತೂಕ-ಅಳತೆ ಇಲಾಖೆಯಿಂದ ನಿವೃತ್ತರಾಗಿ ಏಳು ವರ್ಷವಾದರೂ ಅವರನ್ನು ಕಂಡರೆ ಅಂಗಡಿಯವರು ಇನ್ನೂ ತಕ್ಕಡಿ ಸರಿಮಾಡಿಕೊಳ್ಳುತ್ತಿದ್ದರು.

"ಸ್ವಲ್ಪ ತಡಿಯಮ್ಮ. ಇಂಥ ಯಂತ್ರಗಳನ್ನ ಮೂವತ್ತು ವರ್ಷ ಹಿಡಿದು ಹಾಕಿದೀನಿ. ನನ್ನ ತೂಕ ಎಪ್ಪತ್ತೊಂದು, ಒಂದು ಗ್ರಾಂ ಆಚೀಚೆ ಇಲ್ಲ. ನೋಡೋಣ." ಹತ್ತಿ ನಿಂತರು. ಮುಳ್ಳು ಎಪ್ಪತ್ಮೂರಕ್ಕೆ ಹೋಯಿತು. "ಕಂಡ್ರಾ? ಎರಡು ಕೆಜಿ ಸುಳ್ಳು ಹೇಳ್ತಿದೆ. ನೀನು ಅರವತ್ನಾಲ್ಕೇ ಕಣಯ್ಯ."

"ಮತ್ತೆ ಕಾಲು?" ಎಂದಳು ಹೆಂಡತಿ.

"ದಿನವಿಡೀ ಸ್ಟೂಲ್ ಮೇಲೆ ಕಾಲು ಇಳಿಬಿಟ್ಟು ಕೂತರೆ ಊದದೆ ಇನ್ನೇನಾಗುತ್ತೆ?"

ಲಿಫ್ಟಣ್ಣನಿಗೆ ನಿಜ ಗೊತ್ತಿತ್ತು. ಸೆಕೆ ತಡೆಯಲಾರದೆ ಮೂರು ದಿನದಿಂದ ಕಚೇರಿಯ ನಲ್ಲಿಯಲ್ಲಿ ಕದ್ದು ನೀರು ಕುಡಿದಿದ್ದ. ಆದರೂ ಆ ವಾರ್ಡನ್ನು ನೆನೆದಾಗ ಇನ್‌ಸ್ಪೆಕ್ಟರ ಮಾತು ಜೇನಿನಂತೆ ಇಳಿಯಿತು. ಕೆಲಸಕ್ಕೆ ಹೊರಟೇಬಿಟ್ಟ.

ಸುದ್ದಿ ಅವನ ಲಿಫ್ಟಿನಲ್ಲೇ ಮಹಡಿ ಹತ್ತಿತು. ಯಂತ್ರದ್ದೇ ತಪ್ಪಂತೆ ಎಂದು ಟೈಪಿಸ್ಟಮ್ಮ ಟೀ ಕುಡಿಸಿದಳು. ಮೂರನೇ ಮಹಡಿಯ ಗುಮಾಸ್ತ ಉಪ್ಪು ಸವರಿದ ಕಡಲೆಬೀಜ ಸುರಿದ. "ಮುಖ ತುಂಬಿಕೊಂಡಿದೆ, ಕಳೆ ಬಂದಿದೆ," ಎಂದರು ಮ್ಯಾನೇಜರು. ತುಂಬಿಕೊಂಡದ್ದು ನೀರು ಎಂದು ಯಾರಿಗೂ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ 'ಎಂಟನೇ ಮಹಡಿ' ಎನ್ನಲು ಅವನಿಗೆ ಮೂರು ಉಸಿರು ಬೇಕಾಯಿತು. ನಾಲ್ಕು ಗಂಟೆಗೆ ಎದೆಯೊಳಗೆ ಕೆಟಲ್ ಕುದಿಯುವಂಥ ಸದ್ದು. ಗೋಡೆಗೆ ಒರಗಿ ಕುಸಿದ. ಬಾಗಿಲು ತೆರೆದ ಒಂದೊಂದು ಮಹಡಿಯಲ್ಲೂ ಒಂದೊಂದು ಸಲಹೆ. ಒಬ್ಬರು ಮಲಗಿಸಿ ಎಂದರು, ಇನ್ನೊಬ್ಬರು ಮಲಗಿಸಬೇಡಿ ಎಂದರು, ಎಲ್ಲರೂ ಸೇರಿ ಒಂದು ಚೊಂಬು ನೀರು ಕುಡಿಸಿದರು.

ಸುದ್ದಿ ಕೇಳಿ ಹೆಂಡತಿ ಓಡಿಬಂದು ಗಾಡಿ ಹಿಡಿದು ಆಸ್ಪತ್ರೆಗೆ ಸೇರಿಸಿದಳು. ಯಂತ್ರದ ವಿಷಯ ಡಾಕ್ಟರಿಗೆ ತಿಳಿಸಬೇಕೆಂದು ಇನ್‌ಸ್ಪೆಕ್ಟರೂ ಜೊತೆಗೆ ಹತ್ತಿದ್ದರು. ಅಲ್ಲಿಯ ಯಂತ್ರ ಅರವತ್ತೇಳು ತೋರಿಸಿತು.

"ಇದೂ ಸುಳ್ಳು," ಎಂದು ಇನ್‌ಸ್ಪೆಕ್ಟರು ತಾವೇ ಹತ್ತಿದರು. ಎಪ್ಪತ್ಮೂರು.

ನರ್ಸಮ್ಮ ಯಂತ್ರ ನೋಡಲಿಲ್ಲ, ಅವರ ಪಾದ ನೋಡಿದಳು. ಬಗ್ಗಿ ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಬಿದ್ದದ್ದು ಬಿದ್ದೇ ಇತ್ತು.

"ಸರ್, ಕೊನೆಯ ಸಲ ತೂಕ ನೋಡ್ಕೊಂಡಿದ್ದು ಯಾವಾಗ?"

"ನಿವೃತ್ತಿಯ ದಿನ."

"ಉಸಿರು ಕಟ್ಟದ ಹಾಗೆ ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?"

ಇನ್‌ಸ್ಪೆಕ್ಟರು ಮೆಲ್ಲಗೆ ಕೆಳಗಿಳಿದರು. "ಮೂರು," ಎಂದರು.

ಹೀಗೆ ಪಕ್ಕದ ಮನೆಯವರು ಪಕ್ಕದ ಹಾಸಿಗೆಯವರಾದರು. ಲಿಫ್ಟಣ್ಣನ ಮೂಗು ಬಾಯಿ ಎರಡನ್ನೂ ಆಕ್ಸಿಜನ್ ಮುಖವಾಡ ಮುಚ್ಚಿತ್ತು. ನೀರಿಳಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಅವನ ಮೂತ್ರವನ್ನು ಜಗ್ಗಿಗೆ ಸುರಿದು ರಾತ್ರಿ ಪಾಳಿಯ ಇನ್ನೊಬ್ಬ ನರ್ಸು ಚೀಟಿಯಲ್ಲಿ ಇನ್ನೂರೈವತ್ತು ಎಂಎಲ್ ಎಂದು ಬರೆದಳು. ಇಷ್ಟು ಕಡಿಮೆಯಾದರೆ ಮದ್ದು ಹತ್ತಿಲ್ಲವೆಂದು ಡಾಕ್ಟರನ್ನು ಕರೆಯಬೇಕಿತ್ತು.

"ಆ ಜಗ್ಗಿನ ಗೆರೆ ನಂಬಬೇಡಿ ಸಿಸ್ಟರ್," ಎಂದಿತು ಪಕ್ಕದ ಹಾಸಿಗೆ. "ಇಲಾಖೆಯಲ್ಲಿದ್ದವನು ನಾನು. ಅರ್ಧಕ್ಕರ್ಧ ಕಡಿಮೆ ತೋರಿಸುತ್ತೆ."

ಹೊಸದಾಗಿ ಕೆಲಸಕ್ಕೆ ಸೇರಿದ್ದ ಆಕೆ ಜಗ್ಗನ್ನು ಬೆಳಕಿಗೆ ಹಿಡಿದು ನೋಡಿದಳು. ಲಿಫ್ಟಣ್ಣ ಮುಖವಾಡದೊಳಗಿಂದ ಬೇಡ ಬೇಡ ಎಂದು ತಲೆ ಆಡಿಸಿದ. ಆಕೆ ಅವನ ದಿಂಬು ಸರಿಮಾಡಿ, ಚೀಟಿಯಲ್ಲಿದ್ದ ಅಂಕಿ ಹೊಡೆದು ಐನೂರು ಎಂದು ಬರೆದು, ಮುಂದಿನ ಹಾಸಿಗೆಗೆ ಹೋದಳು.