ಕೆಟಲಿಗೆ ಕಟ್ಟಿದ ಮೂರು ಕಾಲು

ಶಾರ್ಶೆನ್‌ನ ಬೂದು ಕುದುರೆ ಏರಿ ಸೊಂಗ್‌ಕೊಲ್ ಸರೋವರದ ಸುತ್ತ ಗಾಳಿಯನ್ನೇ ಹಿಂದೆ ಹಾಕಿದವಳು ನಾನು. ಹೋಗಲಿ, ಇದರಲ್ಲಿ ಅರ್ಧ ಸುಳ್ಳು. ಏರಿದ್ದು ಮಾತ್ರ ನಿಜ. ಅಂಥ ಕುದುರೆ ಯಾರಿಗೆ ಅಂತ ಹೇಳದೆ ಶಾರ್ಶೆನ್ ತೀರಿಕೊಂಡ. "ನಾನು ಸತ್ತ ನಲವತ್ತನೇ ದಿನ ಹಿರಿಯರ ಮುಂದೆ ಹಾಕಿ" ಅಂತ ಒಂದು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿಟ್ಟಿದ್ದ.

ಮಗ ಕೆಂಜೆಬೆಕ್‌ಗೆ ಆ ಕುದುರೆಯೆಂದರೆ ಪ್ರಾಣ. ಮರಿಯಾಗಿದ್ದಾಗ ತನ್ನ ಕೋಟಿನೊಳಗೆ ಮಲಗಿಸಿಕೊಂಡು ಸಾಕಿದವನು. ಅವನ ಭಾವ ಮಂಬೆತ್‌ಗೂ ಅದರ ಮೇಲೆ ಕಣ್ಣು.

ನಲವತ್ತನೇ ದಿನ ಬಂತು. ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ಕರೆಂಟೆಲ್ಲಿ? ಟೇಪ್ ರೆಕಾರ್ಡರಿಗೆ ಬೇಕಾದ್ದು ಒಂಬತ್ತು ವೋಲ್ಟು, ಲಾರಿಯ ಬ್ಯಾಟರಿ ಕೊಡುವುದು ಇಪ್ಪತ್ತನಾಲ್ಕು. ಕೆಂಜೆಬೆಕ್ ನಡುವೆ ವೋಲ್ಟು ಇಳಿಸುವ, ಉಗುರಿನಷ್ಟು ಗಾತ್ರದ ಮೂರು ಕಾಲಿನ ರೆಗ್ಯುಲೇಟರ್ ಕೂರಿಸಿದ.

"ಇದು ತಡೆಯುತ್ತೇನೋ?" ಎಂದ ಹಿರಿಯ ಇಸಾ.

"ಒಂದು ಆಂಪಿಯರ್ ತಡೆಯುತ್ತೆ ತಾತ. ನಮಗೆ ಬೇಕಿರೋದು ಅದರಲ್ಲಿ ಅರ್ಧ."

"ಮಿಕ್ಕ ಹದಿನೈದು ವೋಲ್ಟು ಎಲ್ಲಿಗೆ ಹೋಗುತ್ತೋ, ನಿನ್ನ ಜೇಬಿಗಾ?" ಮಂಬೆತ್ ಕುಟುಕಿದ.

ಹೋದದ್ದು ಬಿಸಿಯಾಗಿ. ಶಾರ್ಶೆನ್ "ಬಂಧುಗಳೇ" ಅಂದ ಟೇಪಿನೊಳಗಿಂದ, ನಿಂತುಹೋದ. ರೆಗ್ಯುಲೇಟರ್ ಮುಟ್ಟಿ ನೋಡಿದ ಕೆಂಜೆಬೆಕ್ ಬೆರಳು ಬಾಯಿಗಿಟ್ಟುಕೊಂಡು ಕುಣಿದ. ಆ ತುಣುಕಿನ ಮೇಲೆ ಇಡೀ ಕುರಿ ಬೇಯಿಸಬಹುದಿತ್ತು! ಅತಿಯಾಗಿ ಕಾದರೆ ತಾನೇ ಕಣ್ಣು ಮುಚ್ಚಿಕೊಂಡು, ತಣಿದರೆ ಮತ್ತೆ ಏಳುವ ಜಾತಿ ಅದು.

ಅವನು ಅದನ್ನು ಅಲ್ಯೂಮಿನಿಯಂ ಕೆಟಲಿನ ಹೊಟ್ಟೆಗೆ ಒತ್ತಿ ಕಟ್ಟಿ, ಒಳಗೆ ಹಿಮದ ನೀರು ತುಂಬಿದ. ಶಾರ್ಶೆನ್ ಮತ್ತೆ ಮಾತಾಡಿದ. ಹೆಂಗಸರು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಕೆಂಜೆಬೆಕ್‌ನ ಅಕ್ಕ ಉಮ್ಸುನ್, ಅದೇ ಮಂಬೆತ್‌ನ ಹೆಂಡತಿ, ಕೆಟಲ್ ಮುಟ್ಟಿ ಹೌಹಾರಿದಳು. "ಅಯ್ಯೋ, ಸಾವಿನ ಮನೆಗೆ ಬಂದ ಹಿರಿಯರ ಮುಂದೆ ತಣ್ಣನೆ ಕೆಟಲಾ? ಮಾನ ಹೋಯ್ತಲ್ಲೋ!" ನೀರು ಚೆಲ್ಲಿ ಕುದಿಯುವ ಚಹಾ ಸುರಿದಳು. ಆರದಿರಲಿ ಅಂತ ಮೇಲೆ ಉಣ್ಣೆ ಕಂಬಳಿ ಬೇರೆ ಹೊದಿಸಿದಳು.

"ಬೂದು ಕುದುರೆಯನ್ನ ಮಗ ಕೆಂಜೆಬೆಕ್ ಕೈಗೇ ಕೊಡಿ," ಎಂದ ಶಾರ್ಶೆನ್. ಟೇಪು ಮತ್ತೆ ನಿಂತಿತು.

ಇಸಾ ಗಡ್ಡ ಸವರಿ, ಕೈಯೆತ್ತಿ ಹರಸಿದ. "ಮುಗೀತು. ಕುದುರೆ ನಿಂದು ಮಗಾ."

ಕೆಂಜೆಬೆಕ್ ಗುಡಾರದ ಮುಂದೆ ಕಟ್ಟಿದ್ದ ಕುದುರೆಯ ಕುತ್ತಿಗೆ ತಬ್ಬಿ ಅತ್ತ. ಮಂಬೆತ್‌ನ ಮುಖ ಹುಳಿಹಾಲಿನ ತೊಗಲುಚೀಲದಂತೆ ಊದಿತು. ಸಿಟ್ಟಿಗೆ ಕಂಬಳಿ ಕಿತ್ತೆಸೆದು, ಬಟ್ಟಲ ಮೇಲೆ ಬಟ್ಟಲು ಚಹಾ ಬಗ್ಗಿಸಿ ಕುಡಿದು ಕೆಟಲ್ ಬರಿದುಮಾಡಿದ. ಸರೋವರದ ಕಡೆಯಿಂದ ಗಾಳಿ ಬೀಸಿತು. ಮೂರು ಕಾಲಿನದು ತಣಿದು ಎಚ್ಚರವಾಯಿತು.

"ಅವನೇ ಅದನ್ನ ಕೊಯ್ದು, ಇವತ್ತಿನ ಊಟಕ್ಕೆ ನಿಮಗೆಲ್ಲ ಬಡಿಸಲಿ. ಇದೇ ನನ್ನ ಕೊನೇ ಆಸೆ," ಎಂದ ಶಾರ್ಶೆನ್.

ಇಸಾ ಹರಸಿದ ಕೈಯಿಂದಲೇ ಚಾಕು ಚಾಚಿದ. "ಅಪ್ಪನ ಮಾತು, ಮಗಾ."

ಕೆಂಜೆಬೆಕ್ ಕೆಟಲ್ ನೋಡಿದ, ಕುದುರೆ ನೋಡಿದ, ಚಾಕು ತೆಗೆದುಕೊಂಡ.

ಸಂಜೆ ಎಲ್ಲರೂ ಹೊಟ್ಟೆ ಬಿರಿಯ ಉಂಡೆವು. ಅಂಗಳದಲ್ಲಿ ಕುದುರೆ ಇರಲಿಲ್ಲ, ಮಂಬೆತ್‌ನ ಹಿಂಡಿನಲ್ಲಿ ಒಂದು ಕುರಿ ಇರಲಿಲ್ಲ, ಪಂಕ್ತಿಯಲ್ಲಿ ಕೆಂಜೆಬೆಕ್ ಇರಲಿಲ್ಲ. ನನ್ನ ತಟ್ಟೆಯಲ್ಲಿದ್ದದ್ದು ಮಂಬೆತ್‌ನ ಕುರಿಯೋ, ಶಾರ್ಶೆನ್‌ನ ಕುದುರೆಯೋ? ನೀವೇ ಹೇಳಿ ನೋಡೋಣ.