ಚೀನಾದಲ್ಲಿ ಮುದ್ದೆ ಉಂಡ ನ್ಯಾಯಾಧಿಕಾರಿ

ಚೀನಾ ದೇಶದ ಪ್ರಾಚೀನ ಕೊಲೆಗಳ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತನಾಡಬಲ್ಲವರು ಈ ಭೂಮಂಡಲದಲ್ಲಿ ಇಬ್ಬರೇ. ಒಬ್ಬರು ಚೀನಾದಲ್ಲೇ ಎಲ್ಲೋ ಇರಬೇಕು, ನನಗೆ ಪರಿಚಯವಿಲ್ಲ. ಇನ್ನೊಬ್ಬರು ತಾಳವಾಡಿ ಬೆಟ್ಟದ ಗೆಟ್ಟವಾಡಿಯಲ್ಲಿರುವ ನನ್ನ ಸೋದರತ್ತೆ!

ಅತ್ತೆಗೆ ಓದು ಬಾರದು. ಪಾಂಡಿತ್ಯಕ್ಕೆ ಓದೇ ಮುಖ್ಯ ಅಡ್ಡಿಯೆಂದು ನಂಬಿರುವ ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಓದಿದವರು ಮಾವ. ಹಾಸನೂರಿನಲ್ಲಿ ಮೇಷ್ಟರಾಗಿದ್ದಾಗ, ಕಾಡಿನ ಬಂಗಲೆಯಲ್ಲಿ ತಂಗಿದ್ದವರಾರೋ ಬಿಟ್ಟುಹೋದ ದಪ್ಪನೆಯ ಇಂಗ್ಲಿಷ್ ಕಾದಂಬರಿಯೊಂದು ಅವರ ಕೈಗೆ ಸಿಕ್ಕಿತ್ತು. ಸಾವಿರ ವರ್ಷ ಹಿಂದಿನ ಚೀನಾ, ಅಲ್ಲೊಬ್ಬ ನ್ಯಾಯಾಧಿಕಾರಿ, ಅವನ ಮುಂದೊಂದು ಕೊಲೆ. ಮದುವೆಯಾದ ಹೊಸತರಲ್ಲಿ ಅತ್ತೆ ಅವರೆಕಾಯಿ ಬಿಡಿಸುತ್ತ ಕೂತರೆ, ಮಾವ ಅದನ್ನು ಅಲ್ಲಲ್ಲೇ ಕನ್ನಡ ಮಾಡಿಕೊಂಡು ಓದಿ ಹೇಳುತ್ತಿದ್ದರಂತೆ.

ಮಾವ ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ ತಾಳವಾಡಿ ಬೆಟ್ಟಕ್ಕೆ ಡಿಶ್ ಬಂತು. ಬೆಟ್ಟ ತಮಿಳುನಾಡಿಗೆ ಸೇರಿದ್ದರಿಂದ ಹಿಂದೆಯೇ ಚೀನಾದ ಧಾರಾವಾಹಿಯೂ ಬಂತು, ತಮಿಳು ಮಾತಾಡುತ್ತಾ! ಮೊದಲ ಕಂತಿನಲ್ಲೇ ಎಣ್ಣೆ ವ್ಯಾಪಾರಿಯೊಬ್ಬ ವಿಷ ಕುಡಿದು ಬಿದ್ದ, ಸೊಸೆಯನ್ನು ಹಿಡಿದು ಸೆರೆಗೆ ಹಾಕಿದರು.

"ನಮ್ ಕತೆ ಕಣ್ಲಾ ಇದು!" ಎಂದು ಅತ್ತೆ ಎದ್ದೇ ನಿಂತಳು.

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ನಾನು ಚಾಮರಾಜನಗರದಿಂದ ಬಸ್ಸು ಹತ್ತಿ ಹಾಜರು. ಧಾರಾವಾಹಿಗಾಗಿ ಎಂದುಕೊಂಡಿರಾ? ವಿಮರ್ಶೆಗಾಗಿ! ತೆಳ್ಳನೆಯ ಚೆಲುವ ನ್ಯಾಯಾಧಿಕಾರಿ ತೆರೆಗೆ ಬಂದ ಕೂಡಲೇ ಅತ್ತೆ ಶುರು:

"ಇವ್ನು ನ್ಯಾಯ ಏಳಕ್ಕೆ ಬಂದೋನೊ, ಎಣ್ಣು ನೋಡಕ್ಕೆ ಬಂದೋನೊ? ಬುಕ್ಕಲ್ಲಿ ಅವನ್ಗೆ ಒಟ್ಟೆ ಇಷ್ಟಗಲ, ಗಡ್ಡ ಮೊಳಕಾಲ್ಗಂಟ!"

ಮುಂದಿನ ವಾರ ಆ ಚೆಲುವ ಊಟಕ್ಕೆ ಕೂತ.

"ಬುಕ್ಕಲ್ಲಿ ಅವ ಮುದ್ದೆ ಉಣ್ತಿದ್ದ, ಉಳ್ಳಿ ಸಾರು ಆಕ್ಕಂಡು. ಇಲ್ ನೋಡು, ಎಲ್ಡು ಕಡ್ಡಿ ಇಡ್ಕಂಡು ಅನ್ನವ ಕೆದುಕ್ತಾ ಕೂತವ್ನೆ!"

"ಚೀನಾದಲ್ಲಿ ಮುದ್ದೆನಾ ಅತ್ತೆ?"

"ನೀ ಓಗಿ ನೋಡ್ಕಂಡ್ ಬಂದಿದ್ದೀಯೇನ್ಲಾ?"

ಹೋಗಿರಲಿಲ್ಲವಾದ್ದರಿಂದ ಮುದ್ದೆಯನ್ನು ಒಪ್ಪಿಕೊಂಡೆ. ಅಪರಾಧಿಯನ್ನು ಹುಡುಕಿ ನ್ಯಾಯಾಧಿಕಾರಿ ಬಯಲಿನಲ್ಲಿ ಕುದುರೆ ಓಡಿಸಿದಾಗ ಅತ್ತೆ ಕೆಂಡವಾದಳು. ಪುಸ್ತಕದಲ್ಲಿ ಅವನು ಇಪ್ಪತ್ತೇಳು ತಿರುವಿನ ಘಾಟಿ ಹತ್ತುತ್ತಾನಂತೆ, ಕೊನೆಯ ತಿರುವಿನಲ್ಲಿ ಆನೆ ಅಡ್ಡ ನಿಂತಿರುತ್ತದಂತೆ, ಅದು ಸರಿದ ಮೇಲೆ ಮೇಲುಗಡೆ ಟೀ ಕುಡಿಯುತ್ತಾನಂತೆ! ಹಾಸನೂರಿಗೆ ಹೋಗುವ ದಿಂಬಂ ಘಾಟಿಯ ಅಷ್ಟೇ ತಿರುವು ಹತ್ತಿದ ಯಾರಿಗಾದರೂ ಇಲ್ಲಿ ಸಣ್ಣದೊಂದು ಅನುಮಾನ ಹುಟ್ಟಬೇಕು. ನನಗೂ ಹುಟ್ಟಿತು. ಅತ್ತೆಯ ಮುಖ ನೋಡಿ ಅಲ್ಲೇ ಸತ್ತಿತು.

ಇಷ್ಟಕ್ಕೇ ನಿಂತಿದ್ದರೆ ಸಾಹಿತ್ಯ ಚರ್ಚೆಯಾಗಿ ಉಳಿಯುತ್ತಿತ್ತು. ಆದರೆ ಜೊತೆಗೆ ಕೂತು ನೋಡುತ್ತಿದ್ದ ಪಕ್ಕದ ಮನೆಯ ಮಾದಮ್ಮನಿಗೆ ಪುಸ್ತಕಗಳ ಮೇಲೆ ಗೌರವವಿರಲಿಲ್ಲ.

"ಆ ಸೊಸೆ ಸತ್ತೋಗ್ತಾಳೆ ಕಣಕ್ಕ. ಇಷ್ಟೊಂದು ಅಳ್ಸವ್ರೆ, ಸುಮ್ನೆ ಬುಟ್ಟಾರಾ?"

"ಉಳ್ಕತಾಳೆ ಕಣಮ್ಮಿ! ಕತ್ತಿ ಎತ್ತೋ ಒತ್ಗೆ ರಾಜ್ನ ಓಲೆ ಬತ್ತದೆ. ಅವ್ರು ಓದವ್ರೆ, ನಾ ಕೇಳಿವ್ನಿ."

"ಸತ್ತೋದ್ರೆ? ಮೇಷ್ಟ್ರು ಸುಳ್ಳೋದವ್ರೆ ಅಂತಾಯ್ತದೆ!"

ನಲವತ್ತು ವರ್ಷ ಊರ ಮಕ್ಕಳಿಗೆ ಪಾಠ ಹೇಳಿದ ಗಂಡನ ಸತ್ಯಸಂಧತೆ ಈಗ ಚೀನಾದ ಹೆಣ್ಣೊಬ್ಬಳ ಕುತ್ತಿಗೆಯ ಮೇಲೆ ನಿಂತಿತ್ತು!

ಕೊನೆಯ ಭಾನುವಾರ. ಸೊಸೆಯನ್ನು ಮೊಣಕಾಲೂರಿಸಿದರು. ದೂರದಲ್ಲಿ ಧೂಳೆದ್ದಿತು. ರಾಜನ ಓಲೆ ಹೊತ್ತ ಸವಾರ! ಅತ್ತೆ "ಬಂದ! ಬಂದ!" ಎಂದು ಕೂಗಿದಳು. ನಾನೂ ಕೂಗಿದೆ. ಸವಾರ ಬಂದು ಇಳಿದ. ಅಷ್ಟರಲ್ಲಿ ಕತ್ತಿ ಇಳಿದಾಗಿತ್ತು.

"ಓಯ್ತಲ್ಲಕ್ಕೋ!" ಎಂದಳು ಮಾದಮ್ಮ. "ಮೇಷ್ಟ್ರು ಸುಳ್ಳೇ ಓದವ್ರೆ!"

ಅತ್ತೆ ಟಿ.ವಿ. ಆರಿಸಿದಳು. ಒಳಗೆ ಹೋಗಿ ಟ್ರಂಕಿನಿಂದ, ಮಾವನ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಪುಸ್ತಕವನ್ನು ತಂದು ನನ್ನ ತೊಡೆಯ ಮೇಲಿಟ್ಟಳು.

"ಕಡೇ ಪಾಠವ ಓದ್ಲಾ. ಇವ್ಳು ಕೇಳ್ಲಿ."

ಪುಟ ತಿರುವುತ್ತ ಹೋದೆ. ನ್ಯಾಯಾಧಿಕಾರಿ ತೆಳ್ಳಗಿದ್ದ. ಕಡ್ಡಿಯಲ್ಲೇ ಉಣ್ಣುತ್ತಿದ್ದ. ಎಲ್ಲಿ ನೋಡಿದರೂ ಆನೆಯ ಸುಳಿವಿಲ್ಲ. ಕೊನೆಯ ಅಧ್ಯಾಯದಲ್ಲಿ ಸವಾರ ಬರುವುದು ತಡವಾಗಿತ್ತು, ಸೊಸೆ ಸತ್ತಿದ್ದಳು. ಟಿ.ವಿ.ಯವರು ಪಾಪ, ಪುಸ್ತಕವನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಇಡೀ ಚೀನಾವನ್ನೇ ಬದಲಿಸಿದ್ದವರು ನಮ್ಮ ಮಾವ!

ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನೊಮ್ಮೆ ಕೆಮ್ಮಿದೆ. ಬೆರಳನ್ನು ಸಾಲಿನ ಮೇಲೆ ಗಂಭೀರವಾಗಿ ಓಡಿಸುತ್ತಾ ಓದಿದೆ: "ಕತ್ತಿ ಮೇಲೆದ್ದಿತ್ತು. ಅಷ್ಟರಲ್ಲಿ ಸವಾರ ಕೂಗಿದ, ನಿಲ್ಲಿಸಿ! ಅವಳು ನಿರಪರಾಧಿ! ಸೊಸೆಯ ಕಟ್ಟು ಬಿಚ್ಚಿದರು. ಅವಳು ಎದ್ದು ಮನೆಗೆ ಹೋದಳು."

"ಅಂಗಾರೆ ಟಿವಿಯೋರೇ ಕಳ್ರು ಬುಡಕ್ಕ," ಎಂದು ಮಾದಮ್ಮ ಸೆರಗು ಕೊಡವಿ ಎದ್ದು ಹೋದಳು.

ಅತ್ತೆ ಪುಸ್ತಕ ತೆಗೆದುಕೊಂಡು ಮತ್ತೆ ಬಟ್ಟೆ ಸುತ್ತತೊಡಗಿದಳು. ಗಂಟು ಹಾಕುವಾಗ ನನ್ನ ಕಡೆ ನೋಡದೆ ಹೇಳಿದಳು:

"ಅವ್ರೂ ಈ ಜಾಗಕ್ಕೆ ಬಂದಾಗ ಇಂಗೇ ಕೆಮ್ಮುದ್ರು ಕಣ್ಲಾ."

ನಾನು ಬಾಗಿಲ ಕಡೆ ನೋಡಿದೆ, ಮಾದಮ್ಮ ಹೋಗಿಯಾಗಿತ್ತು.

"ಆಗ ನಾನು ತುಂಬು ಬಸುರಿ. ಬಸುರಿ ಎಂಗ್ಸಿನ ಮುಂದ್ಗಡೆ ಸಾವು ಓದ್ಬಾರ್ದು ಅಂತ ಅವ್ರು ಉಳಿಸುದ್ರು." ಅತ್ತೆ ಗಂಟನ್ನು ಬಿಗಿ ಮಾಡಿ, ಈಗ ತಲೆಯೆತ್ತಿ ನನ್ನನ್ನು ನೋಡಿದಳು. "ನೀ ಯಾಕ್ಲಾ ಉಳಿಸ್ದೆ ಮಗ?"